ತಪ್ಪು ವಿಳಾಸಕ್ಕೆ ಬಂದ ಉಪದೇಶ

ಕಳೆದ ತಿಂಗಳು ನನ್ನ ದರ ಇಳಿಯಿತು. ಪದಕ್ಕೆ ಒಂದೂವರೆ ರೂಪಾಯಿ ಕೊಡುತ್ತಿದ್ದ ಏಜೆನ್ಸಿಯೊಂದು, ಇನ್ನು ಮೇಲೆ ಯಂತ್ರ ಮಾಡಿದ ಅನುವಾದವನ್ನು ತಿದ್ದಿಕೊಟ್ಟರೆ ಸಾಕು, ಪದಕ್ಕೆ ಐವತ್ತು ಪೈಸೆ ಎಂದು ಬರೆಯಿತು. ಪುಣೆಯ ಮನೆ ಬಾಡಿಗೆ ಮಾತ್ರ ಇಳಿಯಲಿಲ್ಲ. ಗೆಳತಿಯೊಬ್ಬಳ ಹತ್ತಿರ ಸಂಕಟ ತೋಡಿಕೊಂಡೆ. ಅವಳು ವಾಟ್ಸಾಪಿನಲ್ಲಿ ಲಾವೋತ್ಸೆಯ ಚಿತ್ರವಿರುವ ಸಂದೇಶ ಕಳಿಸಿದಳು. ನೀರಿನ ಹಾಗೆ ಹರಿಯಬೇಕಂತೆ, ಎದುರು ನಿಲ್ಲಬಾರದಂತೆ.

ಅವಳ ಮೇಲೆ ಸಿಟ್ಟಿಲ್ಲ. ಆದರೆ ಕೆಲಸದ ಭರವಸೆಯಿಲ್ಲದ ಈ ಕಾಲಕ್ಕೆ ದಾವ್ ಚಿಂತನೆಯೇ ಮದ್ದು ಎನ್ನುವವರ ಬಗ್ಗೆ ನನ್ನದೊಂದು ತಕರಾರಿದೆ. ಅವರು ಪತ್ರವನ್ನು ತಪ್ಪು ಮನೆಗೆ ಹಾಕುತ್ತಿದ್ದಾರೆ.

'ದಾವ್ ದ ಜಿಂಗ್' 81 ಪುಟ್ಟ ಅಧ್ಯಾಯಗಳ, ಸುಮಾರು 5,000 ಅಕ್ಷರಗಳ ಪುಸ್ತಕ. ಕನ್ನಡಕ್ಕೆ ಅದನ್ನು ಯು. ಆರ್. ಅನಂತಮೂರ್ತಿ ತಂದಿದ್ದಾರೆ. ಅದು ರೂಪುಗೊಂಡದ್ದು ಚೀನಾದ ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಕಾಲದಲ್ಲಿ. ಯುದ್ಧಕ್ಕೆ ರೈತನ ಧಾನ್ಯವೂ ಬೇಕಿತ್ತು, ರೈತನ ಮಗನೂ ಬೇಕಿತ್ತು. ಪುಸ್ತಕದ ಬಹಳಷ್ಟು ಮಾತು ಆಳುವವರನ್ನು ಕುರಿತದ್ದು.

ಅದರ ಹೆಸರಾದ ಪದ 'ವೂ ವೇಯ್'. ವೂ ಎಂದರೆ ಇಲ್ಲ, ವೇಯ್ ಎಂದರೆ ಮಾಡು. ಕನ್ನಡದಲ್ಲಿ 'ಸುಮ್ಮನಿರು' ಎಂದುಬಿಡಬಹುದು. ಆದರೆ ಅನುವಾದಕರು ಮೊದಲು ಕೇಳಬೇಕಾದ ಪ್ರಶ್ನೆ, ಸುಮ್ಮನಿರಬೇಕಾದವರು ಯಾರು? 57ನೇ ಅಧ್ಯಾಯ ನೋಡಿ. ತಾನು ಕೈ ಹಾಕದಿದ್ದರೆ ಜನ ತಾವಾಗಿಯೇ ಬದುಕು ಹಸನು ಮಾಡಿಕೊಳ್ಳುತ್ತಾರೆ ಎಂದು ಅಲ್ಲಿ ಮಾತಾಡುವವನು ಆಳುವ ಜ್ಞಾನಿ. 75ನೇ ಅಧ್ಯಾಯ ಇನ್ನೂ ನೇರ. ಜನರ ಹಸಿವಿಗೆ ಅದು ಕೊಡುವ ಕಾರಣ, ಮೇಲಿನವರು ತೆರಿಗೆಯ ಧಾನ್ಯವನ್ನು ಅತಿಯಾಗಿ ತಿನ್ನುವುದು. 77ರ ದೂರು ಇದು: ಹೆಚ್ಚಿದ್ದಲ್ಲಿಂದ ತೆಗೆದು ಕೊರತೆ ಇದ್ದಲ್ಲಿಗೆ ಕೊಡುವುದು ಆಕಾಶದ ದಾರಿ, ಮನುಷ್ಯರದು ಅದರ ತಿರುವುಮುರುವು.

ಅಂದರೆ ಅನಿಶ್ಚಿತತೆಗೆ ಈ ಪುಸ್ತಕ ಕಾರಣವನ್ನೂ ಹೆಸರಿಸುತ್ತದೆ. ಮೇಲಿನವರಿಗೆ 'ಕೈ ತೆಗೆ' ಎಂದ ಮಾತನ್ನು ಕೆಳಗಿನವರಿಗೆ 'ಕೈ ಕಟ್ಟಿ ಕೂರು' ಎಂದು ತಿರುಗಿಸಿದರೆ ಅದು ಸಾಂತ್ವನವಲ್ಲ, ತಪ್ಪು ಅನುವಾದ.

ಹಾಗಾದರೆ ನಮಗೆ ಅದರಲ್ಲಿ ಏನೂ ಇಲ್ಲವೇ? ಇದೆ. ಸಾಕು ಎನ್ನುವುದನ್ನು ಅರಿತವನಿಗೆ ಅಪಾಯ ಕಡಿಮೆ ಎಂಬ 44ನೇ ಅಧ್ಯಾಯದ ಮಾತು, ಕಂತಿನ ಮೇಲೆ ಕಂತು ಹೊತ್ತವರಿಗೆ ಇವತ್ತೂ ಸಲ್ಲುತ್ತದೆ. ತೊಂದರೆ ಚಿಕ್ಕದಿರುವಾಗಲೇ ಕೈಗೆತ್ತಿಕೊಳ್ಳಬೇಕು ಎನ್ನುತ್ತದೆ 64. ನಾಲ್ಕು ವರ್ಷ ಒಂದೇ ಏಜೆನ್ಸಿಯನ್ನು ನೆಚ್ಚಿಕೊಂಡಿದ್ದ ನನಗೆ ಅದು ತಡವಾಗಿ ಅರ್ಥವಾಯಿತು.

ಇನ್ನು ನೀರು. 8ನೇ ಅಧ್ಯಾಯದ ನೀರು ಜಗಳಕ್ಕಿಳಿಯದೆ ತಗ್ಗಿನಲ್ಲಿ ನಿಲ್ಲುತ್ತದೆ, ನಿಜ. ಆದರೆ 78ರಲ್ಲಿ ಅದೇ ಮೆತ್ತನೆಯ ನೀರು ಗಟ್ಟಿಯಾದದ್ದನ್ನು ಗೆಲ್ಲುತ್ತದೆ. ಫಾರ್ವರ್ಡ್ ಸಂದೇಶಗಳು 8ಕ್ಕೇ ನಿಂತುಬಿಡುತ್ತವೆ.

ಹೋದ ವಾರ ಬೇರೆ ಬೇರೆ ಊರುಗಳಲ್ಲಿರುವ ನಾವು ಏಳು ಅನುವಾದಕರು ಫೋನಿನಲ್ಲಿ ಮಾತಾಡಿ, ಯಂತ್ರದ ಅನುವಾದ ತಿದ್ದುವುದಕ್ಕೆ ಇದಕ್ಕಿಂತ ಕಡಿಮೆ ಬೇಡ ಎಂದು ಒಂದು ದರ ನಿಗದಿ ಮಾಡಿ, ಏಜೆನ್ಸಿಗೆ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಕೆಲಸ ಪೂರ್ತಿ ಹೋದರೂ ಹೋಗಬಹುದು. ಆದರೆ ಹನಿಗೂಡಿದರೆ ಹಳ್ಳ ಎಂಬುದು ನಮ್ಮವರೇ ಹೇಳಿದ ಮಾತು. ನೀರಿನಂತಿರು ಎಂದು ನನಗೆ ಹೇಳುವುದಾದರೆ ಹೀಗೆ ಹೇಳಲಿ, ಕೇಳುತ್ತೇನೆ.