ಸಬ್ಸಿಡಿ ನೋಡಿ ಪ್ಯಾನೆಲ್ ಹಾಕ್ಬೇಡಿ, ಕರೆಂಟ್ ಬಿಲ್ ನೋಡಿ ಹಾಕಿ

ಈ ಸಲ ತೆಂಗಿನ ನುಸಿ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದನ್ನ ಮುಂದಕ್ಕೆ ಹಾಕಿದ್ದೀನಿ. ಯಾಕಂದ್ರೆ ಹದಿನೈದು ದಿನದಿಂದ ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಸೋಲಾರ್ ಏಜೆಂಟರ ಬೈಕುಗಳು ಓಡಾಡ್ತಾ ಇವೆ. ಕೈಯಲ್ಲಿ ಬಣ್ಣದ ಹಾಳೆ. 3 ಕಿಲೋವ್ಯಾಟ್ ಹಾಕಿಸಿ, 78,000 ಸಬ್ಸಿಡಿ, ಬಿಲ್ ಸೊನ್ನೆ, ಮೇಲೆ ತಿಂಗಳಾ ಆದಾಯ. ಇಬ್ಬರೇ ಇರೋ ಮನೆಗೂ 3 ಕಿಲೋವ್ಯಾಟ್, ಹನ್ನೆರಡು ಜನ ಇರೋ ಮನೆಗೂ 3 ಕಿಲೋವ್ಯಾಟ್. ಕರೆಯೋ ಹಸುಗೂ ಉಳೋ ಎತ್ತಿಗೂ ಒಂದೇ ಅಳತೆ ಹಿಂಡಿ ಇಟ್ಟ ಹಾಗೆ.

ನಾನು ಸೋಲಾರ್ ವಿರೋಧಿ ಅಲ್ಲ, ಮೊದಲೇ ಹೇಳಿಬಿಡ್ತೀನಿ. ನಮ್ಮ ಮನೆ ಮೇಲೆ 2 ಕಿಲೋವ್ಯಾಟ್ ಇದೆ, ದುಡ್ಡು ಉಳಿಸ್ತಾ ಇದೆ. ನನ್ನ ಜಗಳ ಇರೋದು ಆ ಹಾಳೆ ಜೊತೆ. ಅದರಲ್ಲಿ ಸಬ್ಸಿಡಿ ದಪ್ಪ ಅಕ್ಷರದಲ್ಲಿದೆ, ನಮ್ಮ ಯೂನಿಟ್‌ಗೆ ಕೊಡೋ ರೇಟು ಎಲ್ಲೂ ಇಲ್ಲ.

ಸಬ್ಸಿಡಿ ನಿಜ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯಘರ್ ಯೋಜನೆ ಅದು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೇದಕ್ಕೆ 18,000, ಒಟ್ಟು 78,000. ಅದರ ಮೇಲೆ ಎಷ್ಟು ಹಾಕಿದ್ರೂ ಅಷ್ಟೇ. ಅದಕ್ಕೇ ಎಲ್ಲರಿಗೂ 3 ಅನ್ನೋದು. ಜಾಸ್ತಿ ಸಬ್ಸಿಡಿ ಅಂದ್ರೆ ಜಾಸ್ತಿ ಲಾಭ ಅಂತ ನಮ್ಮವರು ಅಂದ್ಕೊಳ್ತಾರೆ. ಸಬ್ಸಿಡಿ ಬರೋದು ಖರ್ಚಿನಲ್ಲಿ ಒಂದು ಪಾಲು ಮಾತ್ರ ಕಣ್ರಪ್ಪ, ಮಿಕ್ಕಿದ್ದು ನಮ್ಮ ಜೇಬಿನದು.

ಈಗ ಲೆಕ್ಕ ಹಾಕೋಣ. ನಮ್ಮ ಕಡೆ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ಲು ವರ್ಷದ ಸರಾಸರಿ ದಿನಕ್ಕೆ 4 ಯೂನಿಟ್ ಕೊಡುತ್ತೆ. ಅಂದ್ರೆ 3 ಕಿಲೋವ್ಯಾಟ್‌ಗೆ ತಿಂಗಳಿಗೆ 360. ನಮ್ಮೂರಲ್ಲಿ ಸಾಮಾನ್ಯ ಮನೆ ಯಾವುದು? ನಾಲ್ಕು ಬಲ್ಬು, ಎರಡು ಫ್ಯಾನು, ಟಿವಿ, ಮಿಕ್ಸಿ, ಕೆಲವರಿಗೆ ಫ್ರಿಜ್ಜು. ಸ್ನಾನದ ನೀರು ಹಂಡೆ ಒಲೆಯಲ್ಲಿ ತೆಂಗಿನ ಮಟ್ಟೆ ಉರಿಸಿ ಕಾಯುತ್ತೆ. ತಿಂಗಳಿಗೆ 80-90 ಯೂನಿಟ್ ದಾಟೋದು ಕಷ್ಟ. ಆ ಮನೆಗೆ 2023ರಿಂದ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ.

ಈಗಾಗಲೇ ಸೊನ್ನೆ ಇರೋ ಬಿಲ್ಲನ್ನ ಪ್ಯಾನೆಲ್ಲು ಇನ್ನೇನು ಸೊನ್ನೆ ಮಾಡುತ್ತೆ?

ಆ ಮನೆಯವನು 2 ಲಕ್ಷದ ಆಸುಪಾಸು ಹಾಕಿ 3 ಕಿಲೋವ್ಯಾಟ್ ಹಾಕಿಸ್ತಾನೆ ಅಂತಿಟ್ಕೊಳ್ಳಿ. ಸಬ್ಸಿಡಿ ಕಳೆದು 1,22,000 ಅವನ ಮೇಲೆ. ಬ್ಯಾಂಕು ಶೇಕಡಾ 7ಕ್ಕೆ ಸಾಲ ಕೊಟ್ರೂ ವರ್ಷಕ್ಕೆ ಬಡ್ಡಿ 8,500 ಮೇಲೆ, ತಿಂಗಳಿಗೆ 700. ಇನ್ನು ಆದಾಯ. 360ರಲ್ಲಿ ಮನೆ ಖರ್ಚು 90 ಹೋಗಿ 270 ಯೂನಿಟ್ ಲೈನಿಗೆ ಹೋಗುತ್ತೆ. ಸಬ್ಸಿಡಿ ತಗೊಂಡವರ ಯೂನಿಟ್‌ಗೆ ನಮ್ಮ ರಾಜ್ಯದಲ್ಲಿ ಗೊತ್ತುಮಾಡಿರೋ ರೇಟು 3 ರೂಪಾಯಿಗೂ ಕಡಿಮೆ. ಎರಡೂವರೆ ಅಂತ ಹಿಡೀರಿ, 675 ರೂಪಾಯಿ. ಬಡ್ಡಿಗೂ ಸಾಲ್ದು! ಅಸಲು ಯಾರು ತೀರಿಸ್ತಾರೆ? ಇದನ್ನ ಆದಾಯ ಅಂತ ಹಾಳೆ ಮೇಲೆ ಅಚ್ಚು ಹಾಕ್ಸಿದ್ದಾರೆ.

ಒಬ್ಬ ಏಜೆಂಟನಿಗೆ ಈ ಲೆಕ್ಕ ತೋರಿಸ್ದೆ. "ಇವತ್ತಿನ ಲೆಕ್ಕ ಬಿಡಿ ಯಜಮಾನ್ರೇ, 25 ವರ್ಷದ ಅಗ್ರಿಮೆಂಟ್ ಐತೆ, ರೇಟು ಫಿಕ್ಸು" ಅಂದ. ಫಿಕ್ಸು, ಅದೇ ನನ್ನ ತಕರಾರು. ಕೊಬ್ಬರಿ ರೇಟನ್ನ 25 ವರ್ಷಕ್ಕೆ ಒಂದೇ ಅಂತ ಬರೆದುಕೊಡಿ ಅಂದ್ರೆ ನಾವು ಯಾರಾದ್ರೂ ಸಹಿ ಹಾಕ್ತೀವಾ? 2013ರಲ್ಲಿ ಇದೇ ಕೆಇಆರ್‌ಸಿ, ಸಬ್ಸಿಡಿ ಇಲ್ಲದೆ ಮಾಳಿಗೆ ಮೇಲೆ ಹಾಕಿದವರಿಗೆ ಯೂನಿಟ್‌ಗೆ 9.56 ರೂಪಾಯಿ ಗೊತ್ತುಮಾಡಿತ್ತು. ಆಗ ಹಾಕಿದವರು ಮಾರಿ ಲಾಭ ಮಾಡ್ಕೊಂಡ್ರು. ಆ ಕಾಲದ ಕಥೆ ಹೇಳಿ ಈಗಿನ ಪ್ಯಾನೆಲ್ ಮಾರ್ತಾ ಇದ್ದಾರೆ. ಈಗ ಲಾಭ ಮಾರೋದ್ರಲ್ಲಿ ಇಲ್ಲ, ಕೊಳ್ಳೋದನ್ನ ತಪ್ಪಿಸೋದ್ರಲ್ಲಿ ಇದೆ.

ಹಾಗಾದ್ರೆ ಯಾರಿಗೆ ಲಾಭ? ತಿಂಗಳಾ ತಪ್ಪದೆ 200 ಯೂನಿಟ್ ದಾಟೋ ಮನೆಗೆ. ಗೃಹಜ್ಯೋತಿ ನಿಯಮ ಇನ್ನೂ ಸುಮಾರು ಜನಕ್ಕೆ ಸರಿಯಾಗಿ ಗೊತ್ತಿಲ್ಲ. 2022-23ರಲ್ಲಿ ನೀವು ಉರಿಸಿದ ಸರಾಸರಿ, ಅದರ ಮೇಲೆ ಶೇಕಡಾ 10, ಅಷ್ಟು ಪುಕ್ಕಟೆ. (ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್.) ಅದನ್ನ ದಾಟಿ 200ರ ಒಳಗಿದ್ರೆ ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಯೂನಿಟ್‌ಗೆ 6 ರೂಪಾಯಿ ಹತ್ತಿರ, ಮೇಲೆ ಶೇಕಡಾ 9 ಟ್ಯಾಕ್ಸು.

ನಮ್ಮದು ಕೂಡು ಕುಟುಂಬ. ಎರಡು ಫ್ರಿಜ್ಜು, ಮೇವು ಕತ್ತರಿಸೋ ಮಷಿನ್ನು, ಸಂಪಿನ ಮೋಟ್ರು, ಎಲ್ಲಾ ಮನೆ ಮೀಟರಿನಲ್ಲೇ. ತಿಂಗಳಿಗೆ 260 ಬರ್ತಿತ್ತು. 2 ಕಿಲೋವ್ಯಾಟ್ ಹಾಕಿಸಿದ್ವಿ. 1,40,000 ಆಯ್ತು, ಸಬ್ಸಿಡಿ 60,000 ಅಕೌಂಟಿಗೆ ಬಂತು, ಕೈಯಿಂದ 80,000. ಸರಾಸರಿ 240 ಯೂನಿಟ್ ಬರುತ್ತೆ, ಅಂದ್ರೆ ತಿಂಗಳಿಗೆ 1,500 ಉಳೀತು. ನಾಲ್ಕೂವರೆ ವರ್ಷಕ್ಕೆ ಹಾಕಿದ ದುಡ್ಡು ವಾಪಸ್ಸು. 3 ಹಾಕಿದ್ರೆ? ಜಾಸ್ತಿ ಬರೋ 120ರಲ್ಲಿ ನಮಗೆ ಬೇಕಾದ್ದು 20, ಮಿಕ್ಕ 100 ಯೂನಿಟ್ ಎರಡೂವರೆ ರೂಪಾಯಿಗೆ ಹೋಗ್ತಿತ್ತು. ಆ ಮೂರನೇ ಕಿಲೋವ್ಯಾಟ್‌ಗೆ ಸಬ್ಸಿಡಿನೂ 18,000 ಅಷ್ಟೇ. ಅಗ್ಗದ ಮಾಲಿಗೆ ದುಬಾರಿ ಗೊಬ್ಬರ. ಇನ್ನೊಂದು: ಪ್ಯಾನೆಲ್ ದೊಡ್ಡದು ಮಾಡೋಕೆ ಅಂತ ಮಂಜೂರಾದ ಲೋಡ್ ಏರಿಸಿದ್ರೆ ಫಿಕ್ಸೆಡ್ ಚಾರ್ಜೂ ಏರುತ್ತೆ, ಕಿಲೋವ್ಯಾಟ್‌ಗೆ ತಿಂಗಳಿಗೆ ನೂರು ರೂಪಾಯಿ ಮೇಲೆ. ಅದನ್ನ ಬಿಸಿಲು ತೀರ್ಸಲ್ಲ.

205, 215 ಅಂತ ಗಡಿಯಲ್ಲಿ ಇರೋರಿಗೆ ನಾನು ಹೇಳೋದು ಬೇರೆ. ನಿಮಗೆ ಪ್ಯಾನೆಲ್ ಬೇಡ, ಫ್ಯಾನ್ ಬದಲಾಯಿಸಿ. ಹಳೇ ಫ್ಯಾನು 75 ವ್ಯಾಟು. ದಿನಕ್ಕೆ 12 ಗಂಟೆ ತಿರುಗಿದ್ರೆ ತಿಂಗಳಿಗೆ 27 ಯೂನಿಟ್. ಈಗ ಬರೋ ಬಿಎಲ್‌ಡಿಸಿ ಫ್ಯಾನು 30 ವ್ಯಾಟು, ಅದೇ ಗಾಳಿಗೆ 11 ಯೂನಿಟ್. ಎರಡು ಫ್ಯಾನ್ ಬದಲಾಯಿಸಿದ್ರೆ 32 ಯೂನಿಟ್ ಕಡಿಮೆ, 200ರ ಒಳಗೆ ಬಂದ್ರಿ, ಪೂರ್ತಿ ಕಟ್ತಿದ್ದ ಬಿಲ್ಲಿನಲ್ಲಿ ದೊಡ್ಡ ಪಾಲು ಹೋಯ್ತು. ಆರೇಳು ಸಾವಿರದ ಕೆಲಸ. ಇದನ್ನ ಯಾವ ಏಜೆಂಟನೂ ಹೇಳಲ್ಲ, ಅವನಿಗೆ ಇದರಲ್ಲಿ ಕಮಿಷನ್ ಇಲ್ಲ.

"ಹಗಲು ಹೊತ್ತೇ ಮಷಿನ್ ಓಡಿಸಿ, ರಾತ್ರಿ ಓಡಿಸಿದ್ರೆ ಲಾಭ ಇಲ್ಲ" ಅಂತಾನೂ ಹೇಳ್ಕೊಂಡು ತಿರುಗ್ತಾರೆ. ನೆಟ್ ಮೀಟರಿನ ಮನೆಗೆ ಇದು ಸುಳ್ಳು. ಅಲ್ಲಿ ಹೋಗಿದ್ದು ಎಷ್ಟು, ಬಂದಿದ್ದು ಎಷ್ಟು ಅಂತ ತಿಂಗಳ ಕೊನೆಗೆ ಕಳೆದು ನೋಡ್ತಾರೆ. ಮಧ್ಯಾಹ್ನ ಕೊಟ್ಟ ಯೂನಿಟ್ಟು ರಾತ್ರಿ ಉರಿಸಿದ್ದಕ್ಕೆ ಸಮ. ನಮ್ಮನೆ ಹೆಂಗಸರು ಬಟ್ಟೆ ಮಷಿನ್ ಹಾಕೋಕೆ ಬಿಸಿಲಿಗೆ ಕಾಯಬೇಕಾಗಿಲ್ಲ. ನೋಡಬೇಕಾದ್ದು ತಿಂಗಳ ಒಟ್ಟು ಮೊತ್ತ, ಮನೆ ಖರ್ಚಿಗಿಂತ ಪ್ಯಾನೆಲ್ ಜಾಸ್ತಿ ಬೆಳೀಬಾರದು ಅಷ್ಟೇ.

ಈಗಾಗಲೇ 3 ಹಾಕಿಸಿ ಯೂನಿಟ್ ಮಿಕ್ತಾ ಇರೋರು ಮಾರೋ ಬದಲು ಅಡುಗೆಮನೆಗೆ ತಿರುಗಿಸಿ. ಒಂದು ಸಿಲಿಂಡರ್ ಮಾಡೋ ಅಡುಗೆಗೆ ಇಂಡಕ್ಷನ್ ಒಲೆ ಸುಮಾರು 100 ಯೂನಿಟ್ ತಿನ್ನುತ್ತೆ. ಮಾರಿದ್ರೆ ಆ ನೂರಕ್ಕೆ 250 ರೂಪಾಯಿ. ಸಿಲಿಂಡರ್‌ಗೆ ಎಷ್ಟು ಕೊಡ್ತೀರ ನೀವೇ ನೋಡ್ಕೊಳ್ಳಿ. ಮುದ್ದೆ ತೊಳಸೋದು ಮಾತ್ರ ಆ ಒಲೆ ಮೇಲೆ ಆಗಲ್ಲ ಅಂತ ನಮ್ಮನೆಯವಳ ತೀರ್ಪು, ಅದಕ್ಕೆ ಅಪೀಲು ಇಲ್ಲ.

ತೋಟದ ಮನೆಯವರು ಇದನ್ನ ಎರಡು ಸಲ ಓದಿ. ಈ ಪ್ಯಾನೆಲ್ಲು ಲೈನಿನಲ್ಲಿ ಕರೆಂಟ್ ಇದ್ರೆ ಮಾತ್ರ ಕೆಲಸ ಮಾಡೋದು. ಲೈನು ಹೋದ್ರೆ ಇನ್ವರ್ಟರ್ ತಾನೇ ನಿಲ್ಲುತ್ತೆ. ಕಂಬ ಹತ್ತಿರೋ ಲೈನ್‌ಮ್ಯಾನ್ ಜೀವ ಉಳೀಲಿ ಅಂತ ಹಾಗೆ ಮಾಡಿದ್ದಾರೆ, ಅದು ಸರಿ. ಆದ್ರೆ ಊರೊಳಗಿನ ಮನೆಗೆ ಬೇರೆ ಲೈನು, ತೋಟದ ಮನೆಗೆ ಪಂಪ್‌ಸೆಟ್ಟಿನ ಲೈನು. ಹಗಲು ಹೊತ್ತು ಆ ಲೈನು ಸತ್ತಿದ್ರೆ ನೆತ್ತಿ ಮೇಲೆ ಬಿಸಿಲಿದ್ರೂ ಒಂದು ಯೂನಿಟ್ಟೂ ಬೆಳೆಯಲ್ಲ. ವೋಲ್ಟೇಜ್ ಏರಿಳಿತ ಇದ್ರೂ ಇನ್ವರ್ಟರ್ ಟ್ರಿಪ್ ಆಗ್ತಾನೇ ಇರುತ್ತೆ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನಿಮ್ಮ ಲೈನಿನಲ್ಲಿ ಎಷ್ಟು ಗಂಟೆ ಕರೆಂಟ್ ಇರುತ್ತೆ, ಒಂದು ತಿಂಗಳು ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಆಮೇಲೆ ಏಜೆಂಟನ ಹತ್ತಿರ ಮಾತಾಡಿ. ಬ್ಯಾಟರಿ ಹಾಕಿ ಅಂತಾನೆ. ಬ್ಯಾಟರಿ ಖರ್ಚು ಸೇರಿದ್ರೆ ಈ ಲೆಕ್ಕ ಪೂರ್ತಿ ತಲೆಕೆಳಗು.

ನೆರಳಿನ ಮಾತು ನಮ್ಮ ಕಡೆಗೆ ತುಂಬಾ ಮುಖ್ಯ, ಎಲ್ಲರ ಮನೆ ಪಕ್ಕದಲ್ಲೂ ತೆಂಗಿನ ಮರ. ಪ್ಯಾನೆಲ್‌ಗಳನ್ನ ಸರಪಣಿ ಹಾಗೆ ಜೋಡಿಸಿರ್ತಾರೆ, ಒಂದರ ಮೇಲೆ ಗರಿ ನೆರಳು ಬಿದ್ರೆ ಮಿಕ್ಕವೂ ಸೊರಗ್ತವೆ. ನೊಗಕ್ಕೆ ಕುಂಟೆತ್ತು ಕಟ್ಟಿದ ಹಾಗೆ. ಏಜೆಂಟ್ ಬಂದು ನೋಡೋದು ಮಧ್ಯಾಹ್ನ, ಆಗ ನೆರಳು ಎಲ್ಲಿರುತ್ತೆ? ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳು ಎಷ್ಟು ಉದ್ದ ಬೀಳುತ್ತೆ ಅಂತ ನಮಗೇ ಗೊತ್ತು. ಧೂಳೂ ಅಷ್ಟೇ. ರಾಗಿ ಒಕ್ಕಣೆ ಟೈಮಲ್ಲಿ ನಮ್ಮದು ದಿನಕ್ಕೆ 9 ಬರ್ತಿದ್ದದ್ದು ಏಳೂವರೆಗೆ ಇಳೀತು, ತೊಳೆದ ಮಾರನೇ ದಿನ ಮತ್ತೆ 9. ಬೆಳಿಗ್ಗೆ ತಂಪಲ್ಲಿ ತೊಳೀರಿ, ಬೋರ್ ನೀರು ಗಡಸಿದ್ರೆ ಬಟ್ಟೆಯಲ್ಲಿ ಒರೆಸಿಬಿಡಿ, ಬಿಳಿ ಕಲೆ ಕೂತ್ರೆ ಹೋಗಲ್ಲ.

"ನಾಳೆ ಗೃಹಜ್ಯೋತಿ ನಿಲ್ಲಿಸಿದ್ರೆ ಏನ್ ಮಾಡ್ತೀಯಪ್ಪಾ?" ಅಂತ ನಮ್ಮ ಹಿರಿಯರೊಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ. ಸಬ್ಸಿಡಿ ಯೋಜನೆ ಇರೋದೂ 2026-27ರವರೆಗೆ. ಆ ಭಯ ಇರೋ ಸಣ್ಣ ಮನೆಯವರು 1 ಕಿಲೋವ್ಯಾಟ್ ಹಾಕಿಸಿ, ತಿಂಗಳಿಗೆ 120 ಯೂನಿಟ್, ಸಣ್ಣ ಮನೆಗೆ ಧಾರಾಳ. ಅದೂ ಕೈಯಲ್ಲಿ ದುಡ್ಡಿದ್ರೆ, ಸಾಲ ಮಾಡಿ ಅಲ್ಲ. 1 ಕಿಲೋವ್ಯಾಟ್ ಕೇಳಿದ್ರೆ ಏಜೆಂಟ್ ಮುಖ ಸಿಂಡರಿಸ್ತಾನೆ, ಸಿಂಡರಿಸ್ಲಿ.

ಇನ್ನು ರೇಟಿನ ಅನ್ಯಾಯ. ನನ್ನ ಮಾಳಿಗೆಯಿಂದ ಹೋದ ಯೂನಿಟ್ಟು ಎಲ್ಲೋ ದೂರ ಹೋಗಲ್ಲ, ಅದೇ ಟಿಸಿ ಕೆಳಗೆ ಪಕ್ಕದ ಅಂಗಡಿಯಲ್ಲಿ ಉರಿಯುತ್ತೆ. ಅವನು ಕಟ್ಟೋದು 6 ರೂಪಾಯಿ ಮೇಲೆ, ನನಗೆ ಬರೋದು ಅದರ ಅರ್ಧವೂ ಅಲ್ಲ. ಕಂಬ ಅವರದು, ತಂತಿ ಅವರದು, ರಾತ್ರಿ ಕರೆಂಟ್ ಕೊಡೋರೂ ಅವರೇ, ಒಪ್ತೀನಿ. ಅದಕ್ಕೆ ಒಂದು ರೂಪಾಯಿ, ಒಂದೂವರೆ ಹಿಡ್ಕೊಳ್ಳಲಿ. ಸಬ್ಸಿಡಿ ಕೊಟ್ಟಿದ್ದೀವಲ್ಲ, ಅದಕ್ಕೇ ಕಡಿಮೆ ಅಂತಾರೆ. ಸಬ್ಸಿಡಿ ಕೊಟ್ಟಿದ್ದು ದಿಲ್ಲಿ, ರೇಟು ಇಳಿಸಿದ್ದು ಬೆಂಗಳೂರು. ಒಂದು ಕೈಯಲ್ಲಿ ಕೊಟ್ಟಿದ್ದನ್ನ ಇನ್ನೊಂದು ಕೈಯಲ್ಲಿ 25 ವರ್ಷ ವಸೂಲಿ ಮಾಡೋದು. ರೇಟು ಏರಿಸೋಕೆ ಮನಸ್ಸಿಲ್ಲದಿದ್ರೆ ಮಾರ್ಚ್-ಏಪ್ರಿಲ್‌ನಲ್ಲಿ ಮಿಕ್ಕ ಯೂನಿಟ್ಟನ್ನ ಜಮಾ ಇಟ್ಟು ಜುಲೈ-ಆಗಸ್ಟ್‌ನಲ್ಲಿ ವಾಪಸ್ ಕೊಡಲಿ. ಬೇಸಿಗೆಯಲ್ಲಿ ನಮ್ಮದು ದಿನಕ್ಕೆ 9 ಬಂದ್ರೆ ಮೋಡದ ತಿಂಗಳಲ್ಲಿ 5 ಬರೋದೂ ಕಷ್ಟ. ಬೇಸಿಗೆ ಮಿಕ್ಕಿದ್ದನ್ನ ಎರಡೂವರೆಗೆ ಕೊಟ್ಟು ಮಳೆಗಾಲದಲ್ಲಿ ಆರಕ್ಕೆ ಕೊಳ್ಳೋದು ಯಾವ ನ್ಯಾಯ? ಸುಗ್ಗಿಯಲ್ಲಿ ರಾಗಿ ಮಾರಿ ಆಮೇಲೆ ಅಂಗಡಿಯಿಂದ ಕೊಂಡು ತಿಂದ ಹಾಗೆ.

ಕೆಇಆರ್‌ಸಿ ರೇಟು ಬದಲಾಯಿಸೋ ಮುಂಚೆ ಸಾರ್ವಜನಿಕರ ಆಕ್ಷೇಪಣೆ ಕರೀತಾರೆ, ಪೇಪರಿನಲ್ಲಿ ನೋಟಿಸು ಬರುತ್ತೆ, ವಿಚಾರಣೆ ನಡೆಯುತ್ತೆ. ಯಾವ ಗ್ರಾಹಕ ಬೇಕಾದ್ರೂ ಬರೆದು ಕೊಡಬಹುದು, ವಕೀಲರು ಬೇಕಾಗಿಲ್ಲ. ಮೇಲಿನ ಎರಡು ಬೇಡಿಕೆ ಬರೆದು ಒಂದು ಪತ್ರ ತಯಾರು ಮಾಡಿದ್ದೀನಿ. ಸಹಿ ಹಾಕೋರು ಸೋಮವಾರ ಡೈರಿ ಹತ್ತಿರ ಬನ್ನಿ, ಬೆಳಿಗ್ಗೆ ಹಾಲು ಹಾಕೋ ಹೊತ್ತಿಗೆ ಇರ್ತೀನಿ. ಕೊನೇ ಬಿಲ್ಲು ತನ್ನಿ, ಆರ್‌ಆರ್ ನಂಬರ್ ಬರೀಬೇಕು. ಇಲ್ಲಿ ಕಾಮೆಂಟಿನಲ್ಲಿ ನಂಬರ್ ಹಾಕ್ಬೇಡಿ, ಏಜೆಂಟರೂ ಈ ಪೇಜ್ ನೋಡ್ತಾರೆ.