ಕನ್ನಡದಾಗ ಎಕ್ಸ್ ಎಲ್ಲೈತ್ರೀ?

ಗ್ರಾಫಿಕ್ ಡಿಸೈನ್ ಕಲಿಸುವವರ ಮೇಲೆ ನನ್ನದೊಂದು ತಕರಾರಿದೆ. ಟೈಪೋಗ್ರಫಿಯ ಮೊದಲ ಪಾಠ ಅಂತ ಯಾವುದನ್ನೇ ತೆಗೆಯಿರಿ, ಅದೇ ಚಿತ್ರ: ನಾಲ್ಕು ಅಡ್ಡಗೆರೆ, ಅದರ ಮೇಲೊಂದು ಇಂಗ್ಲಿಷ್ ಪದ, ಸುತ್ತ ಬಾಣದ ಗುರುತು. ಬೇಸ್‌ಲೈನ್, ಎಕ್ಸ್-ಹೈಟ್, ಅಸೆಂಡರ್, ಡಿಸೆಂಡರ್, ಸೆರಿಫ್. ಬಾಯಿಪಾಠ ಮಾಡಿ, ಪರೀಕ್ಷೆ ಬರೆಯಿರಿ, ಮುಗೀತು. ಈ ಪಾಠ ಕಲಿತ ಹುಡುಗ ಕುಷ್ಟಗಿಗೆ ಬಂದು ಫ್ಲೆಕ್ಸ್ ಅಂಗಡಿಯಲ್ಲಿ ಕೂತರೆ ಅವನ ಮುಂದೆ ಬರುವ ಕೆಲಸ ಹೆಚ್ಚಿನಂಶ ಕನ್ನಡದ್ದು. ಕನ್ನಡದಾಗ ಎಕ್ಸ್ ಎಲ್ಲೈತ್ರೀ ಅಳೆಯಾಕ?

ಎಕ್ಸ್-ಹೈಟ್ ಅಂದರೆ ಇಂಗ್ಲಿಷಿನ ಸಣ್ಣ ಎಕ್ಸ್ ಅಕ್ಷರದ ಎತ್ತರ. ಅಪ್ಪರ್ ಕೇಸ್, ಲೋವರ್ ಕೇಸ್ ಅಂದರೆ ಮೊಳೆ ಜೋಡಿಸುವವರು ದೊಡ್ಡಕ್ಷರ, ಸಣ್ಣಕ್ಷರಗಳನ್ನು ಇಡುತ್ತಿದ್ದ ಮೇಲಿನ ಮತ್ತು ಕೆಳಗಿನ ಪೆಟ್ಟಿಗೆ. ಲೆಡಿಂಗ್ ಅಂದರೆ ಸಾಲುಗಳ ನಡುವೆ ಸೇರಿಸುತ್ತಿದ್ದ ಸೀಸದ ಪಟ್ಟಿ. ಇಟಾಲಿಕ್ ಅಚ್ಚಿನ ಮೊದಲ ಪುಸ್ತಕ ಬಂದದ್ದು 1501ರಲ್ಲಿ, ಇಟಲಿಯ ವೆನಿಸ್ಸಿನಿಂದ. ಆ ಮಂದಿ ತಮ್ಮ ಕೈಗೆ ಸಿಕ್ಕ ವಸ್ತುವಿಗೆ ತಮ್ಮದೇ ಮಾತಿನಲ್ಲಿ ಹೆಸರಿಟ್ಟರು. ಅದರಲ್ಲಿ ತಪ್ಪೇನಿಲ್ಲ.

ಆದರೆ ನಾವೂ ಹೆಸರಿಟ್ಟಿದ್ದೇವಲ್ಲ! ಯಲಬುರ್ಗಾದ ಒಂದನೇ ಕ್ಲಾಸಿನ ಮಕ್ಕಳು ಕೂಗಿ ಕಲಿಯುವ ಕಾಗುಣಿತ ಏನದು? ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಸೊನ್ನೆ. ಮುಂದೆ ಒತ್ತು, ಅರ್ಕಾವತ್ತು. ಇವು ಅಕ್ಷರದ ಅಂಗಾಂಗಗಳ ಹೆಸರು. ಆರನೇ ವಯಸ್ಸಿಗೆ ಬಂದ ಈ ಪದಗಳನ್ನು ಹದಿನೆಂಟಕ್ಕೆ ಡಿಸೈನ್ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಹೋಗಬೇಕು. ಅಲ್ಲಿಂದ ಆ ಹುಡುಗನಿಗೆ ಏನೂ ಗೊತ್ತಿಲ್ಲ ಅಂತ ಲೆಕ್ಕ.

ನನ್ನನ್ನು ಕೇಳಿದರೆ ಮೊದಲ ಪಾಠಕ್ಕೆ ನಮ್ಮ ಜಿಲ್ಲೆಯ ನಾಲ್ಕು ಊರಿನ ಹೆಸರು ಸಾಕು. ಒಂದರ ಕೆಳಗೊಂದು ಬರೆಯಿರಿ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ.

ಗಂಗಾವತಿಯಲ್ಲಿ ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ಕೊಪ್ಪಳದಲ್ಲಿ ಪ-ಒತ್ತು, ಕುಷ್ಟಗಿಯಲ್ಲಿ ಟ-ಒತ್ತು ಕೆಳಗಿಳಿಯುತ್ತವೆ. ನಾಲ್ಕೂ ಸಾಲಿಗೆ ಒಂದೇ ಅಂತರ ಕೊಟ್ಟು ನೋಡಿ: ಕೊಪ್ಪಳದ ಒತ್ತು ಗಂಗಾವತಿಯ ತಲೆಗೆ ಬಡಿಯುತ್ತದೆ, ಗಂಗಾವತಿ ಮತ್ತು ಕುಷ್ಟಗಿ ನಡುವೆ ಮಾತ್ರ ಜಾಗ ಖಾಲಿ ಕಾಣುತ್ತದೆ. ಲೆಡಿಂಗ್ ಅಂದರೆ ಏನು, ಅದು ಯಾಕೆ ಬೇಕು ಅನ್ನುವುದು ಅಲ್ಲಿಗೆ ಅರ್ಥವಾಯಿತು. ಅಡೋಬಿ ತಂತ್ರಾಂಶಗಳು ತಾವಾಗಿಯೇ ಕೊಡುವ ಶೇ. 120ರ ಅಂತರವನ್ನು ಕಣ್ಣುಮುಚ್ಚಿ ನಂಬಬಾರದು ಅನ್ನುವುದೂ ಅರ್ಥವಾಯಿತು. ಯಲಬುರ್ಗಾದ ಅರ್ಕಾವತ್ತು ನೋಡಿ. ಉಚ್ಚಾರದಲ್ಲಿ ಗಾ-ಗಿಂತ ಮೊದಲು, ಬರಹದಲ್ಲಿ ಅದರ ನಂತರ. ಅಕ್ಷರಗಳನ್ನು ದೂರ ದೂರ ಎಳೆದರೆ ಅದು ಯಾರಿಗೂ ಸೇರದ ಒಂಬತ್ತರ ಹಾಗೆ ಒಂಟಿಯಾಗಿ ನಿಲ್ಲುತ್ತದೆ. ಟ್ರ್ಯಾಕಿಂಗ್ ಪಾಠ ಅಲ್ಲೇ ಆಯಿತು.

ಇನ್ನು ಅಕ್ಷರದ ಒಳಗಿನ ಖಾಲಿ ಜಾಗ. ಇಂಗ್ಲಿಷಿನವರು ಕೌಂಟರ್ ಅಂತಾರೆ, ನಮ್ಮ ಮೇಷ್ಟ್ರು ಹೊಟ್ಟೆ ಅಂತಿದ್ದರು. ಹೊಟ್ಟೆ ಸೀಳಿದರೆ ಧ, ಸೀಳದಿದ್ದರೆ ದ. ಬೋಲ್ಡ್ ಫಾಂಟ್ ಇಲ್ಲ ಅಂತ ಅಕ್ಷರದ ಸುತ್ತ ದಪ್ಪ ಸ್ಟ್ರೋಕ್ ಹಾಕುವ ಅಭ್ಯಾಸ ಬಹಳ ಜನಕ್ಕಿದೆ. ಆ ಸ್ಟ್ರೋಕ್ ಮೊದಲು ಮುಚ್ಚುವುದೇ ಆ ಸೀಳನ್ನು. ಧನಸಹಾಯದ ಬ್ಯಾನರ್ ಹತ್ತು ಅಡಿ ದೂರದಿಂದ ದನಸಹಾಯ ಆಗಿ ಕಾಣುತ್ತದೆ. ಮದುವೆ ಕಾರ್ಡಿನಲ್ಲಾದರೆ ನಗಬಹುದು. ಔಷಧಿ ಚೀಟಿಯಲ್ಲಿ, ಆಸ್ಪತ್ರೆ ಬೋರ್ಡಿನಲ್ಲಿ, ಬ್ಯಾಂಕಿನ ಫಾರ್ಮಿನಲ್ಲಿ ನಗಲು ಆಗುವುದಿಲ್ಲ. ಕನ್ನಡ ಒಂದೇ ಓದಲು ಬರುವವರು ನಂಬಿರುವುದು ಆ ಅಕ್ಷರಗಳನ್ನೇ.

"ಇಂಡಸ್ಟ್ರಿ ಭಾಷೆ ಇಂಗ್ಲಿಷು, ಕರ್ನಿಂಗ್ ಅನ್ನೋದು ಗೊತ್ತಿಲ್ಲದವನಿಗೆ ಯಾರು ಕೆಲಸ ಕೊಡ್ತಾರೆ?" ಅಂತ ಕೇಳುತ್ತೀರಿ. ಸರಿ, ಕಲಿಯಲಿ. ನಾನು ಕರ್ನಿಂಗ್ ಬೇಡ ಅಂತಿಲ್ಲ. ಅದಕ್ಕೆ ನಾಲಿಗೆ ತಿರುಗದ ಸಂಸ್ಕೃತ ಪದ ಕಟ್ಟಿ ಪಾರಿಭಾಷಿಕ ಕೋಶದಲ್ಲಿ ಮಲಗಿಸಿ ಅಂತಲೂ ಅಂತಿಲ್ಲ. ಅಂಥ ಕೋಶ ತೆರೆದು ಯಾವ ಡಿಟಿಪಿ ಆಪರೇಟರೂ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಿ ಅಂತಿದ್ದೇನೆ, ಅಷ್ಟೇ. ಒತ್ತು ಗೊತ್ತಿರುವವನಿಗೆ ಡಿಸೆಂಡರ್ ಎರಡು ನಿಮಿಷದ ಪಾಠ. ಬರೀ ಡಿಸೆಂಡರ್ ಗೊತ್ತಿರುವವನು 'ಸ್ವಾತಂತ್ರ್ಯ'ದ ಮುಂದೆ ಕಣ್ಣು ಬಿಡುತ್ತಾನೆ. ಫೋಟೋಶಾಪ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸದೆ ಯೂನಿಕೋಡ್ ಅಕ್ಷರ ಒಡೆದು ಬಂದಾಗ "ಕನ್ನಡಕ್ಕೆ ಸಪೋರ್ಟ್ ಇಲ್ಲ" ಅಂತ ಕೈತೊಳೆದುಕೊಳ್ಳುವವನೂ ಅವನೇ.

ಕೊಪ್ಪಳದ ಗವಿಮಠದ ಹತ್ತಿರ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ನಮ್ಮ ಲಿಪಿಗೆ ಮೂಲವಾದ ಬ್ರಾಹ್ಮಿಯನ್ನು ಅಲ್ಲಿ ಕಲ್ಲಿನ ಮೇಲೇ ನೋಡಬಹುದು. ಅದರಲ್ಲಿ ಇವತ್ತಿನ ತಲಕಟ್ಟು ಇಲ್ಲ. ಯಲಬುರ್ಗಾ ಸೀಮೆಯ ಇಟಗಿಗೆ ಹೋದರೆ 1112ರ ಮಹಾದೇವ ದೇವಾಲಯ, ಅಲ್ಲಿ ಕನ್ನಡದ ಶಾಸನ. ಸಾಲು, ಒತ್ತು, ಅಂತರ ಮೂರನ್ನೂ ಮೊದಲೇ ಲೆಕ್ಕ ಹಾಕದೆ ಕಲ್ಲಿಗೆ ಉಳಿ ಹಚ್ಚಲಾಗದು, ಯಾಕಂದರೆ ಕಲ್ಲಿಗೆ ಕಂಟ್ರೋಲ್ ಝಡ್ ಇಲ್ಲ. ಹದಿಮೂರು ಶತಮಾನಗಳ ಬದಲಾವಣೆ ಒಂದೇ ಜಿಲ್ಲೆಯಲ್ಲಿ ನೋಡಲು ಸಿಗುವಾಗ ಪಾಠ ಶುರುವಾಗುವುದು ಮಾತ್ರ ಹೆಲ್ವೆಟಿಕಾದಿಂದ!

2024ರಲ್ಲಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ ಕಾನೂನಾಯಿತು. ಒಳ್ಳೆಯದೇ. ಆದರೆ ಟೇಪು ಹಿಡಿದರೆ ಸಿಗುವುದು ಜಾಗದ ಅಳತೆ. ಆ ಜಾಗದಲ್ಲಿ ಅಡ್ಡಕ್ಕೆ ಹಿಗ್ಗಿಸಿದ, ಒತ್ತು ಕತ್ತರಿಸಿದ, ಹೊಟ್ಟೆ ಮುಚ್ಚಿದ ಕನ್ನಡ ಕೂತರೂ ಕಾನೂನು ಪಾಲಿಸಿದ ಹಾಗೇ ಆಯಿತು.

ಹಾಗಾಗಿ ಪಠ್ಯ ಬರೆಯುವವರೇ, ಮೊದಲ ಪುಟದಲ್ಲಿ ಕಾಗುಣಿತ ಇಡಿ, ಎರಡನೇ ಪುಟಕ್ಕೆ ಎಕ್ಸ್ ಬರಲಿ. ಬೆಂಗಳೂರಿನ ಆಫೀಸುಗಳಲ್ಲಿ ಕೂತು ಕನ್ನಡ ಜಾಹೀರಾತಿಗೆ ಒಪ್ಪಿಗೆ ಕೊಡುವ ಗೆಳೆಯರೇ, ನಿಮಗೂ ಒಂದು ಮಾತು. "ಲೋಗೋ ಸ್ವಲ್ಪ ದೊಡ್ಡದು ಮಾಡಿ" ಅಂತ ಮೇಲ್ ಕಳಿಸುವ ಮೊದಲು ಒತ್ತು ಮೇಲಿಂದ ಕೆಳಗಿನ ಸಾಲಿಗೆ ತಾಗಿದೆಯಾ, ಧ-ದ ಹೊಟ್ಟೆ ಸೀಳಿದೆಯಾ ನೋಡಿ. ಇದಕ್ಕೆ ಡಿಸೈನ್ ಡಿಗ್ರಿ ಬೇಕಾಗಿಲ್ಲ, ಒಂದನೇ ಕ್ಲಾಸು ಪಾಸಾಗಿದ್ದರೆ ಸಾಕು.