ಮಾಗುವವರೆಗೆ ಕಾಯುವುದೂ ಚಿಕಿತ್ಸೆಯೇ

ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಿಂದ ಆಸ್ಪತ್ರೆ ಸೇರಿದವರ ಮನೆಯವರಿಗೆ ವೈದ್ಯರ ಒಂದು ಮಾತು ಅರ್ಥವಾಗುವುದಿಲ್ಲ: “ಗ್ರಂಥಿಯ ಸುತ್ತ ನೀರು ತುಂಬಿದೆ, ಆದರೆ ಈಗಲೇ ತೆಗೆಯುವುದಿಲ್ಲ. ನಾಲ್ಕು ವಾರ ಕಾಯೋಣ.” ನೀರು ಕಂಡ ಮೇಲೂ ಕಾಯುವುದೇಕೆಂದು ಕೆಲವರು ಬೇರೆ ಆಸ್ಪತ್ರೆಯನ್ನು ಹುಡುಕುತ್ತಾರೆ. ಇನ್ನು ಕೆಲವರು ರೋಗಿಯನ್ನು ಮನೆಗೆ ಕರೆತಂದು, ಕಷಾಯಕ್ಕಾಗಿ ನಮ್ಮಂತಹ ಆಯುರ್ವೇದ ವೈದ್ಯರ ಬಳಿಗೆ ಬರುತ್ತಾರೆ. ಉತ್ತರಹಳ್ಳಿಯ ನನ್ನ ಚಿಕಿತ್ಸಾಲಯದಲ್ಲಿ ಇಂಥವರಿಗೆ ನಾನು ಹೇಳುವುದನ್ನೇ ಭಕ್ತಬಂಧುಗಳ ಮುಂದಿಡುತ್ತಿದ್ದೇನೆ: ಆ ಕಾಯುವಿಕೆ ಚಿಕಿತ್ಸೆಯ ಒಂದು ಭಾಗ. ಅದನ್ನು ನಡುವೆ ಮುರಿಯಬಾರದು.

ಜಠರದ ಹಿಂಭಾಗದಲ್ಲಿ ಅಡ್ಡಲಾಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಅಂಗವೇ ಮೇದೋಜೀರಕ ಗ್ರಂಥಿ. ಜೀರ್ಣರಸವನ್ನೂ ಇನ್ಸುಲಿನ್ನನ್ನೂ ಸ್ರವಿಸುವುದು ಇದರ ಕೆಲಸ. ಪಿತ್ತಕೋಶದ ಕಲ್ಲು ಜಾರಿ ನಾಳದ ಬಾಯಿಗೆ ಅಡ್ಡವಾದಾಗ ಅಥವಾ ಮದ್ಯಪಾನದಿಂದ ಗ್ರಂಥಿ ಕೆರಳಿದಾಗ, ಆ ರಸವು ಕರುಳನ್ನು ತಲುಪುವ ಮೊದಲೇ ಹುಟ್ಟಿದ ಮನೆಯನ್ನೇ ಜೀರ್ಣಿಸತೊಡಗುತ್ತದೆ. ಐವರಲ್ಲಿ ಸುಮಾರು ನಾಲ್ವರಿಗೆ ರೋಗ ಸೌಮ್ಯವಾಗಿದ್ದು ಬೇಗ ಗುಣವಾಗುತ್ತದೆ. ಉಳಿದವರಲ್ಲಿ ಗ್ರಂಥಿಯ ಭಾಗಗಳು ಸತ್ತು, ಸುತ್ತಲೂ ದ್ರವ ಸಂಗ್ರಹವಾಗಬಹುದು. ಯಕೃತ್ತಿನ ರೋಗದಲ್ಲಿ ಕಾಣುವ ಜಲೋದರವೇ ಬೇರೆ, ಇದೇ ಬೇರೆ.

ಮೊದಲ ದಿನಗಳಲ್ಲಿ ಈ ದ್ರವಕ್ಕೆ ಗೋಡೆಯೇ ಇರುವುದಿಲ್ಲ. ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಚೀಲದಂತಾಗಲು ಸುಮಾರು ನಾಲ್ಕು ವಾರಗಳು ಬೇಕು. 2012ರಲ್ಲಿ ಪರಿಷ್ಕೃತವಾದ ಅಟ್ಲಾಂಟಾ ವರ್ಗೀಕರಣವೂ ಇದೇ ಅವಧಿಯನ್ನು ಗಡಿಯಾಗಿಟ್ಟಿದೆ. ಅದಕ್ಕೆ ಮೊದಲೇ ರಂಧ್ರ ಮಾಡಿದರೆ ದ್ರವ ಹೊಟ್ಟೆಯೊಳಗೆ ಸೋರುವ ಮತ್ತು ರಕ್ತಸ್ರಾವವಾಗುವ ಭಯ ಹೆಚ್ಚು. ಹಲವರಲ್ಲಿ ಆ ದ್ರವ ತಾನಾಗಿಯೇ ಇಂಗಿಹೋಗುತ್ತದೆ. ಸೋಂಕು ತಗುಲಿದ್ದ 104 ರೋಗಿಗಳ ಮೇಲೆ ನೆದರ್ಲೆಂಡ್ಸ್‌ನ ವೈದ್ಯರು ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಗೋಡೆ ಕಟ್ಟುವವರೆಗೆ ಕಾದ ಗುಂಪಿನ ಶೇ. 39ರಷ್ಟು ಮಂದಿ ದ್ರವವನ್ನು ಹೊರತೆಗೆಯುವ ಅಗತ್ಯವೇ ಬೀಳದೆ, ಕೇವಲ ಆಂಟಿಬಯಾಟಿಕ್ ಔಷಧಗಳಿಂದ ಚೇತರಿಸಿಕೊಂಡರು. ಕೂಡಲೇ ತೆಗೆದ ಗುಂಪಿಗೆ ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಆಯುರ್ವೇದವನ್ನು ಓದಿದವರಿಗೆ ಈ ವಿವೇಕ ಅಪರಿಚಿತವಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹದಿನೇಳನೆಯ ಅಧ್ಯಾಯವು ಬಾವನ್ನು ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳಲ್ಲಿ ಗುರುತಿಸಲು ಕಲಿಸುತ್ತದೆ. ಮಾಗದ್ದನ್ನು ಕೊಯ್ಯುವ ವೈದ್ಯನನ್ನೂ ಮಾಗಿದ್ದನ್ನು ಕಡೆಗಣಿಸುವ ವೈದ್ಯನನ್ನೂ ಆಚಾರ್ಯರು ಒಂದೇ ಸಮನಾಗಿ ನಿಂದಿಸಿದ್ದಾರೆ. ಇಂದಿನ ಸ್ಟೆಂಟ್ ಅಂದೇ ನಮ್ಮವರಿಗೆ ತಿಳಿದಿತ್ತೆಂದು ಬೀಗುವುದು ಸಲ್ಲದು. ಆದರೆ ಆತುರ, ಅಲಕ್ಷ್ಯ ಎರಡೂ ದೋಷಗಳೆಂಬ ಆ ಮಾತು ಈ ರೋಗಕ್ಕೂ ಸಲ್ಲುತ್ತದೆ.

ಹಾಗಾದರೆ ಯಾವಾಗ ತೆಗೆಯಬೇಕು? ಚೀಲ ದೊಡ್ಡದಿದೆ ಎಂಬುದೊಂದೇ ಕಾರಣ ಸಾಲದು. ಜ್ವರ ಹಾಗೂ ಸೋಂಕು, ತಗ್ಗದ ನೋವು, ಜಠರ ಒತ್ತಿಕೊಂಡು ಆಗುವ ವಾಂತಿ, ಪಿತ್ತನಾಳ ಒತ್ತಿಕೊಂಡು ಬರುವ ಕಾಮಾಲೆ ಇವು ಕಾರಣಗಳು. ಸೋಂಕು ಪ್ರಾಣಕ್ಕೆ ಎರವಾಗುವಂತಿದ್ದರೆ ನಾಲ್ಕು ವಾರಗಳಿಗೆ ಮೊದಲೇ ಕೈಹಾಕಬೇಕಾದೀತು. ಅದು ತಜ್ಞರ ನಿರ್ಧಾರ. ಹಿಂದೆ ಇದಕ್ಕೆ ಹೊಟ್ಟೆಯನ್ನು ಕೊಯ್ಯಬೇಕಿತ್ತು. ಈಗ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪನ್ನು ಬಾಯಿಯ ಮೂಲಕ ಇಳಿಸುತ್ತಾರೆ. ಜಠರದ ಗೋಡೆಯಾಚೆಗಿನ ಚೀಲವನ್ನು ಕಂಡು, ರಕ್ತನಾಳಗಳನ್ನು ತಪ್ಪಿಸಿ, ರಂಧ್ರ ಮಾಡಿ ಸ್ಟೆಂಟ್ ಇಡುತ್ತಾರೆ. ಇದಕ್ಕೆಂದೇ ರೂಪಿಸಿದ ಲೋಹದ ಸ್ಟೆಂಟ್ ನಮ್ಮ ಡಮರುವಿನಂತೆ ನಡು ಕಿರಿದು, ತುದಿಗಳೆರಡೂ ಅಗಲ. ಅದು ಜಠರವನ್ನೂ ಚೀಲವನ್ನೂ ಒಂದಕ್ಕೊಂದು ಹಿಡಿದಿಡುತ್ತದೆ. ದ್ರವ ಜಠರಕ್ಕೆ ಹರಿದುಹೋಗುತ್ತದೆ. ಒಳಗೆ ಸತ್ತ ಅಂಗಾಂಶವಿದ್ದರೆ ಅದೇ ದಾರಿಯಲ್ಲಿ ಹಲವು ಬಾರಿ ಸ್ವಚ್ಛಗೊಳಿಸಬೇಕಾಗಬಹುದು.

ನಾನು ಒತ್ತಿ ಹೇಳಬೇಕಾದ ಇನ್ನೊಂದು ಮಾತಿದೆ. ಸ್ಟೆಂಟ್ ಇಟ್ಟೊಡನೆ ನೋವು ಇಳಿಯುತ್ತದೆ, ಹಸಿವು ಮರಳುತ್ತದೆ. ಆಗ ರೋಗಿ ಆಸ್ಪತ್ರೆಯ ದಾರಿಯನ್ನೇ ಮರೆಯುತ್ತಾನೆ. ಆದರೆ ಈ ಲೋಹದ ಸ್ಟೆಂಟನ್ನು ಸಾಮಾನ್ಯವಾಗಿ ಮೂರು ನಾಲ್ಕು ವಾರಗಳೊಳಗೆ ಸ್ಕ್ಯಾನ್ ಮಾಡಿ ನೋಡಿ ತೆಗೆಯಬೇಕು. ಚೀಲ ಕುಗ್ಗಿದ ಮೇಲೂ ಅದು ಉಳಿದರೆ ಜಠರದ ಗೋಡೆಯಲ್ಲಿ ಹೂತುಹೋಗಬಹುದು, ರಕ್ತನಾಳವನ್ನು ಉಜ್ಜಿ ಭಾರಿ ರಕ್ತಸ್ರಾವ ಮಾಡಬಹುದು. ಪ್ಲಾಸ್ಟಿಕ್ ಸ್ಟೆಂಟುಗಳನ್ನು ಕೆಲವೊಮ್ಮೆ ಹೆಚ್ಚು ಕಾಲ ಬಿಡುತ್ತಾರೆ. ಆದ್ದರಿಂದ ಮನೆಗೆ ಹೊರಡುವ ಮುನ್ನ ಎರಡನ್ನು ಕೇಳಿ ಬರೆಸಿಕೊಳ್ಳಿ: ಇಟ್ಟಿರುವುದು ಯಾವ ಸ್ಟೆಂಟ್? ತೆಗೆಯುವ ದಿನಾಂಕ ಯಾವುದು? ರಕ್ತವಾಂತಿ, ಕಪ್ಪು ಮಲ, ಚಳಿಜ್ವರ ಕಂಡರೆ ಆ ದಿನದವರೆಗೂ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಈ ಅವಧಿಯಲ್ಲಿ ಕಷಾಯ, ಭಸ್ಮ, ವಿರೇಚನ ಯಾವುದೂ ಬೇಡ. ಚೀಲವನ್ನು ಕರಗಿಸುವ ಮೂಲಿಕೆ ನಮ್ಮಲ್ಲಿಲ್ಲ. ಲಂಘನವೆಂದು ಉಪವಾಸ ಕೆಡಹುವುದೂ ತಪ್ಪು. ಬಲಹೀನನಾದ ರೋಗಿಗೆ ಪೋಷಣೆಯೇ ಬಲ. ಬಾಯಿಂದ ಸಾಧ್ಯವಿಲ್ಲದಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಾರೆ, ಅದಕ್ಕೆ ಅಡ್ಡಿಪಡಿಸಬೇಡಿ. ಚೇತರಿಕೆಯ ಕಾಲದಲ್ಲಿ ಗಂಜಿಯಿಂದ ಮೆತ್ತನೆಯ ಅನ್ನಕ್ಕೆ ಏರುವ ನಮ್ಮ ಕ್ರಮ ಖಂಡಿತ ನೆರವಾಗುತ್ತದೆ, ಆದರೆ ಅದು ಚಿಕಿತ್ಸೆ ನೀಡುತ್ತಿರುವ ತಜ್ಞರ ಒಪ್ಪಿಗೆಯ ಮೇರೆಗೆ ನಡೆಯಬೇಕು.

ನಮ್ಮ ಭಾಗದವರು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ಉದರರೋಗ ಸಂಸ್ಥೆಯಲ್ಲೂ ವಿಚಾರಿಸಬಹುದು. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಲಿ.

ಮೂಲಕಾರಣ ಉಳಿದರೆ ರೋಗ ಮರುಕಳಿಸುತ್ತದೆ. ಕಲ್ಲಿದ್ದರೆ ಪಿತ್ತಕೋಶವನ್ನು ತಕ್ಕ ಕಾಲದಲ್ಲಿ ತೆಗೆಸಬೇಕು. ಮದ್ಯವೇ ಕಾರಣವಾದರೆ ಒಂದು ಗುಟುಕೂ ಕೂಡದು, ತಂಬಾಕನ್ನೂ ಬಿಡಬೇಕು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಈ ರೋಗದಿಂದ ಉಳಿದು ಬಂದವರು ಆ ಭಿಕ್ಷೆಯನ್ನು ಮೊದಲು ನೀಡಬೇಕು. ಸ್ಟೆಂಟ್ ಚೀಲವನ್ನು ಬರಿದು ಮಾಡೀತು, ಬಾಟಲಿಯನ್ನು ನಾವೇ ಕೆಳಗಿಡಬೇಕು.